ಪಕ್ಕದ ಹೊಲದವರು, ನಡುವಿನ ಬದು: ಅಳತೆ, ನೀರು, ನೆರಳು, ಔಷಧಿ

ಕೆಂಪುನೆಲ
ಮನೆ ಪಕ್ಕದವರ ಜೊತೆ ಆಗಿಬರದಿದ್ದರೆ ಬಾಗಿಲು ಹಾಕಿಕೊಂಡು ಕೂರಬಹುದು. ಹೊಲದ ಪಕ್ಕದವರ ಜೊತೆ ಹಾಗಾಗಲ್ಲ. ಅವರ ಮಳೆನೀರು ನಮ್ಮಲ್ಲಿಗೆ ಇಳಿಯುತ್ತೆ, ನಮ್ಮ ಮರದ ನೆರಳು ಅವರ ರಾಗಿ ಮೇಲೆ ಬೀಳುತ್ತೆ, ಇಬ್ಬರ ಔಷಧಿಯೂ ಗಾಳಿ ಹೋದ ಕಡೆ ಹೋಗುತ್ತೆ. ನಡುವೆ ಇರೋದು ಒಂದು ಬದು ಅಷ್ಟೆ. "ಹೊಂದಿಕೊಂಡು ಹೋಗಿ" ಅನ್ನೋ ಬುದ್ಧಿಮಾತು ಇಲ್ಲಿ ಬೇಡ, ಅದು ಅರಳಿಕಟ್ಟೆ ಮೇಲೆ ಬೇಕಾದಷ್ಟು ಸಿಗುತ್ತೆ. ಲೆಕ್ಕ, ಅಳತೆ, ಕೆಲಸದ ಕ್ರಮ ಗೊತ್ತಿರುವವರು ಬರೆಯಿರಿ. ಮೊದಲ ಪ್ರಶ್ನೆ: 330 ಅಡಿ ಉದ್ದದ ಬದು ವರ್ಷ ವರ್ಷ ಸವೆದು ಒಂದು ಮೊಳಕ್ಕೆ ಬಂದಿದ್ದರೆ ಮೊದಲು ಸರ್ವೆ ಕರೆಸಬೇಕೋ, ಮಾತಾಡಬೇಕೋ?

ಸರಪಳಿ33
ಮೊದಲು ದಾಖಲೆ, ಆಮೇಲೆ ಮಾತು, ಆಗಲೂ ಬಗೆಹರಿಯದಿದ್ದರೆ ಸರ್ವೆ.

ಪಹಣಿ ಒಂದನ್ನೇ ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ. ಪಹಣಿಯಲ್ಲಿ ವಿಸ್ತೀರ್ಣ ಇರುತ್ತೆ, ಆಕಾರ ಇರಲ್ಲ. "ಪಹಣಿಯಲ್ಲಿ 2 ಎಕರೆ 10 ಗುಂಟೆ, ಉಳುಮೆಗೆ ಸಿಗೋದು 2 ಎಕರೆ 6, ಉಳಿದ 4 ಗುಂಟೆ ಪಕ್ಕದವನು ನುಂಗಿದ" ಅನ್ನೋರು 3ನೇ ಕಾಲಂನಲ್ಲಿ ಖರಾಬು ಎಷ್ಟು ಅಂತ ನೋಡಿಯೇ ಇರಲ್ಲ. 'ಎ' ಖರಾಬು ಸಾಗುವಳಿಗೆ ಬಾರದ ನೆಲ, 'ಬಿ' ಖರಾಬು ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ. ಅದನ್ನು ಕಳೆದ ಮೇಲೆ ಎಷ್ಟೋ ಜಗಳಗಳು ಅಲ್ಲೇ ಮುಗಿಯುತ್ತವೆ.

ಗಡಿಗೆ ಬೇಕಾದದ್ದು ಟಿಪ್ಪಣಿ, ಅಂದರೆ ಸರ್ವೆಯವರು ಅಳತೆ ಬರೆದಿಟ್ಟ ನಕ್ಷೆ. ನಿಮ್ಮ ಸರ್ವೆ ನಂಬರಿನದು ಮಾತ್ರ ಸಾಲದು, ಪಕ್ಕದ ನಂಬರಿನದನ್ನೂ ತೆಗೆಸಿ. ಜೊತೆಗೆ ಆಕಾರ್‌ಬಂದ್ (ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ಪಟ್ಟಿ), ಗ್ರಾಮ ನಕಾಶೆ. ಹಳೆ ಟಿಪ್ಪಣಿಯಲ್ಲಿ ಅಳತೆ ಅಡಿಯಲ್ಲಿರಲ್ಲ, ಸರಪಳಿ ಮತ್ತು ಆಣೆಯಲ್ಲಿರುತ್ತೆ. ಒಂದು ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಅಂದರೆ ಉದ್ದದ ಲೆಕ್ಕದಲ್ಲಿ ಒಂದು ಆಣೆ 2 ಅಡಿ ಮುಕ್ಕಾಲು ಇಂಚು. 33 ಅಡಿ ಚದರ, ಅಂದರೆ 1089 ಚದರಡಿ, ಒಂದು ಗುಂಟೆ. ವಿಸ್ತೀರ್ಣದಲ್ಲೂ 16 ಆಣೆಗೆ ಒಂದು ಗುಂಟೆ. ಈ ಎರಡು ಆಣೆಗಳನ್ನು ಕಲಸಿಕೊಳ್ಳಬೇಡಿ.

ನಿಮ್ಮ 330 ಅಡಿ ಬದು ಒಂದು ಅಡಿ ಒಳಗೆ ಸರಿದಿದ್ದರೆ ಹೋಗಿರೋದು 330 ಚದರಡಿ, ಸುಮಾರು 5 ಆಣೆ, ಗುಂಟೆಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಇಷ್ಟು ಲೆಕ್ಕ ಹಾಕಿಕೊಂಡೇ ಮಾತಿಗೆ ಕೂತುಕೊಳ್ಳಿ.

ಗದ್ದೆಬಯಲು
ಸರ್, ದಿಶಾಂಕ್ ಆಪ್ ಹಾಕಿಕೊಂಡು ಬದುವಿನ ಮೇಲೆ ನಿಂತರೆ ಗೆರೆ ಕಾಣುತ್ತಲ್ಲ? ಈಗ ರೋವರ್ (ಉಪಗ್ರಹದ ಸಂಕೇತ ಹಿಡಿದು ಅಳೆಯುವ ಸರ್ವೆ ಯಂತ್ರ) ಬೇರೆ ಬಂದಿದೆ, ಸರಪಳಿ ಕಥೆ ಯಾಕೆ?

ಸರಪಳಿ33
ದಿಶಾಂಕ್ ಇರೋದು ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತಿಳಿಯೋಕೆ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತೆ, ಮರದ ಕೆಳಗೆ ಇನ್ನೂ ಹೆಚ್ಚು. ಬದುವಿನ ಅಗಲವೇ ಒಂದೆರಡು ಅಡಿ. ಆಪ್ ತೋರಿಸಿ "ನೀನು ನನ್ನ ಜಾಗದಲ್ಲಿದ್ದೀಯ" ಅಂದವರಿಗೆ, ಅದೇ ಆಪ್ ಐದು ನಿಮಿಷ ಬಿಟ್ಟು ಉಲ್ಟಾ ಹೇಳುತ್ತೆ.

ರೋವರ್ ಒಳ್ಳೆಯದು, ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುತ್ತೆ. ಆದರೆ ಅದು ಅಳೆಯೋದು ಇವತ್ತಿನ ನೆಲವನ್ನು. ಹೋಲಿಸಬೇಕಾದ್ದು ಆಣೆ, ಅರ್ಧ ಆಣೆಯಲ್ಲಿ ಬರೆದಿಟ್ಟ ಹಳೆ ಟಿಪ್ಪಣಿಯ ಜೊತೆ. ಅರ್ಧ ಆಣೆ ಅಂದರೆ ಒಂದು ಅಡಿ. ಆರು ಇಂಚಿನ ಜಗಳಕ್ಕೆ ದಾಖಲೆಯಲ್ಲೇ ಉತ್ತರ ಇಲ್ಲ, ಯಂತ್ರ ಎಷ್ಟು ನಿಖರವಾಗಿದ್ದರೂ. ಅಷ್ಟು ಸಣ್ಣದನ್ನು ಇಬ್ಬರೂ ಬದುವಿನ ಮೇಲೆ ನಿಂತು ಒಪ್ಪಿಕೊಳ್ಳಬೇಕು. ಸರ್ವೆಗೆ ಹೋಗಬೇಕಾದ್ದು ಮೂರು, ನಾಲ್ಕು ಅಡಿ ಮೀರಿದ್ದಕ್ಕೆ, ಇಲ್ಲವೇ ಮೂಲೆ ಕಲ್ಲೇ ಮಾಯವಾಗಿದ್ದಾಗ.

ಟೇಪಿನಲ್ಲಿ ನೀವೇ ಅಳೆಯೋದಾದರೆ ಇಳಿಜಾರಿನ ಮೇಲೆ ಟೇಪ್ ಮಲಗಿಸಬೇಡಿ. ಅಳತೆ ಮಟ್ಟಸವಾಗಿರಬೇಕು. ನೂರಕ್ಕೆ ಹತ್ತು ಅಡಿ ಇಳಿಯುವ ಹೊಲದಲ್ಲಿ ನೆಲಕ್ಕೆ ಅಂಟಿಸಿ ಅಳೆದ 330 ಅಡಿ, ಮಟ್ಟಸವಾಗಿ ಅಳೆದರೆ 328 ಅಡಿ ಚಿಲ್ಲರೆ. ಒಂದೂವರೆ ಅಡಿ ಇಲ್ಲೇ ಹೋಯಿತು! 20, 30 ಅಡಿಯಂತೆ ಮೆಟ್ಟಿಲು ಮೆಟ್ಟಿಲಾಗಿ ಅಳೆದು, ಪ್ರತಿ ತುದಿಯಲ್ಲೂ ತೂಕದ ಗುಂಡು ಇಳಿಬಿಟ್ಟು ಗೂಟ ಹೊಡೆಯಿರಿ.

ಕೆಂಪುನೆಲ
ಹದ್ದುಬಸ್ತಿಗೆ, ಅಂದರೆ ಸರ್ವೇಯರ್ ಬಂದು ಗಡಿ ಗುರುತಿಸೋಕೆ, ಅರ್ಜಿ ಹಾಕಿದರೆ ಆ ದಿನ ಏನೇನು ಸರಿಯಾಗಿರಬೇಕು?

ಸರಪಳಿ33
ಬೆಳೆ ನಿಂತಿರಬಾರದು. ಸುಗ್ಗಿ ಮುಗಿದು ಮುಂಗಾರು ಉಳುಮೆಗೆ ಮುಂಚಿನ ಬೇಸಿಗೆ ಸರಿಯಾದ ಕಾಲ. ಪಕ್ಕದವರಿಗೆ ನೋಟಿಸ್ ಮುಟ್ಟಿರಲೇಬೇಕು. ಮುಟ್ಟದೆ ಅಳೆದರೆ ಮೇಲ್ಮನವಿಯಲ್ಲಿ ಬಿದ್ದುಹೋಗುತ್ತೆ. ನೋಟಿಸ್ ಹೋಗುವ ಮೊದಲು ನೀವೇ ಮನೆಗೆ ಹೋಗಿ "ಇಂಥ ದಿನ ಅಳತೆ ಇದೆ, ನೀವೂ ಬನ್ನಿ, ನಿಮ್ಮ ಕಡೆಯ ಕಲ್ಲು ತೋರಿಸಿ" ಅನ್ನಿ. ಸರ್ಕಾರಿ ಕಾಗದ ಮೊದಲು ಹೋದರೆ ಅವರು ವಕೀಲರ ಹತ್ತಿರ ಹೋಗಿರುತ್ತಾರೆ.

ಒಂದೇ ಕಲ್ಲು ಹಿಡಿದು ಅಳೆಯಲು ಬಿಡಬೇಡಿ. ಆ ಕಲ್ಲೇ ಸರಿದಿರಬಹುದು. ಕನಿಷ್ಠ ಮೂರು ಹಳೆ ಬಾಂದುಕಲ್ಲು (ಗಡಿ ಕಲ್ಲು) ಹುಡುಕಿ, ಅವುಗಳ ನಡುವಿನ ದೂರ ಟಿಪ್ಪಣಿಗೆ ತಾಳೆಯಾದ ಮೇಲೆ ಕಳೆದುಹೋದ ಮೂಲೆಯನ್ನು ಕೂಡಿಸಬೇಕು. ಕಲ್ಲು ನೆಟ್ಟ ಮೇಲೆ ಅದರಿಂದ ಅಲುಗಾಡದ ಎರಡು ವಸ್ತುಗಳಿಗೆ, ಬಾವಿಯ ಕಟ್ಟೆ ಮೂಲೆ, ಮೋರಿ, ಬಂಡೆ ಯಾವುದಾದರೂ ಸರಿ, ದೂರ ಅಳೆದು ಬರೆದಿಟ್ಟುಕೊಳ್ಳಿ. ನಾಳೆ ಜೆಸಿಬಿ ಬಂದು ಕಲ್ಲು ಎತ್ತಿದರೂ ಎರಡು ಹಗ್ಗ ಹಿಡಿದು ಅದೇ ಜಾಗಕ್ಕೆ ತರಬಹುದು.

ಸರ್ವೆ ನಂಬರ್ ಪೋಡಿ ಆಗದೆ, ಅಂದರೆ ಪಾಲು ಪಾಲಾಗಿ ಅಳೆದು ಬೇರೆ ಮಾಡದೆ, ನಾಲ್ಕು ಜನರ ಹೆಸರು ಒಟ್ಟಿಗೆ ಇದ್ದರೆ ನಿಮ್ಮ ಪಾಲಿನ ಗಡಿ ಕಾಗದದಲ್ಲಿ ಹುಟ್ಟಿಯೇ ಇಲ್ಲ. ಮೊದಲು ಪೋಡಿ. ಇನ್ನೊಂದು: ಸರ್ವೇಯರ್ ಗೆರೆ ತೋರಿಸುತ್ತಾರೆ, ಒತ್ತುವರಿ ಬಿಡಿಸಿಕೊಡಲ್ಲ. ಖಾಸಗಿ ಜಮೀನಿನ ಒತ್ತುವರಿ ಬಿಡಿಸೋದು ಸಿವಿಲ್ ಕೋರ್ಟಿನ ಕೆಲಸ, ಅದಕ್ಕೆ 12 ವರ್ಷದ ಕಾಲಮಿತಿಯೂ ಇದೆ.

ಎರಿಹೊಲ
ಬದು ಯಾರೂ ಒಂದ ರಾತ್ರ್ಯಾಗ ಒತ್ತೂದಿಲ್ರಿ, ನೇಗಿಲ ಒತ್ತತೈತಿ. ಟ್ರ್ಯಾಕ್ಟರಿನ ಸಾದಾ ಮಗಚೂ ನೇಗಿಲ ಮಣ್ಣ ಬಲಕ್ಕ ಚೆಲ್ಲತೈತಿ. ಮೊದಲನೇ ಸಾಲ ಹೊಡಿವಾಗ ಬದು ಎಡಕ್ಕಿದ್ರ ಬದುವಿನ ಬುಡದ ಮಣ್ಣ ಹೊಲದಾಗ ಬೀಳತೈತಿ, ಬುಡಕ್ಕ ಗಟಾರಿನಂಥ ಸಾಲ ಉಳಿತೈತಿ. ಮಳಿ ಆದ ಕೂಡ್ಲೇ ಮ್ಯಾಲಿನ ಮಣ್ಣ ಕುಸದು ಆ ಸಾಲ ತುಂಬತೈತಿ. ಮುಂದಿನ ವರ್ಷ ಡ್ರೈವರ್ ಆ ಕುಸದ ಜಾಗಾನ ಹೊಲದ ಅಂಚು ಅಂತ ತಿಳಕೊಂಡು ಮತ್ತ ನಾಕ ಬೆರಳ ಒಳಗ ಹೊಡಿತಾನ. ನಾಕ ಬೆರಳ ಅಂದ್ರ 3 ಇಂಚು. ನಾಕ ವರ್ಷಕ್ಕ ಒಂದ ಅಡಿ. ಹೊಲದ ಯಜಮಾನಗ ಗೊತ್ತ ಸೈತ ಇರೂದಿಲ್ಲ, ಬಾಡಿಗಿ ಡ್ರೈವರ್ ಬಂದು ಹೊಡದು ಹೋಗಿರ್ತಾನ.

ಉಪಾಯ ಸಸಾರ ಐತಿ. ಬದು ಬಲಕ್ಕ ಬರೂ ಹಂಗ ಮೊದಲನೇ ಸಾಲ ಹೊಡಸ್ರಿ, ಮಣ್ಣ ಬದುವಿಗೇ ಬೀಳತೈತಿ. ಪಲ್ಟಿ ನೇಗಿಲ ಇದ್ರ ಎರಡೂ ಕಡೆ ಹೊಳ್ಳಸಬಹುದು. ರೋಟಾವೇಟರ್ ಮಣ್ಣ ಚೆಲ್ಲೂದಿಲ್ಲ ಖರೆ, ಆದ್ರ ಬದುವಿನ ಬುಡ ಸಡ್ಲ ಮಾಡತೈತಿ. ಬದುವಿನಿಂದ ಒಂದ ಅಡಿ ಬಿಟ್ಟ ಗೂಟ ಹೊಡದು ಹಗ್ಗ ಕಟ್ಟಿ ಡ್ರೈವರ್‌ಗೆ ತೋರಸ್ರಿ. ಎರಡೂ ಹೊಲಕ್ಕ ಒಬ್ಬನ ಡ್ರೈವರ್ ಆದ್ರ ಇನ್ನೂ ಚಲೋ, ಆಮ್ಯಾಲ ಯಾರಿಗೂ ಯಾರ ಮ್ಯಾಲೂ ಸಂಶಯ ಇರೂದಿಲ್ಲ.

ಕೆಂಪುನೆಲ
ಸವೆದದ್ದನ್ನು ಮತ್ತೆ ಕಟ್ಟೋಕೆ ಎಷ್ಟು ಮಣ್ಣು ಬೇಕು?

ಎರಿಹೊಲ
ಕೆಂಪ ಮಣ್ಣಾಗ: ಎತ್ತರ 2 ಅಡಿ, ತಲಿ ಒಂದೂವರಿ ಅಡಿ, ಇಳಿಜಾರ ಒಂದಕ್ಕ ಒಂದು. ಆಗ ಬುಡ ಐದೂವರಿ ಅಡಿ ಆಗತೈತಿ, ಇಬ್ಬರ ಕಡೆ ತಲಾ 2 ಅಡಿ 9 ಇಂಚು. ಕೊಯ್ದು ನೋಡಿದ್ರ 7 ಚದರಡಿ, ಅಂದ್ರ 100 ಅಡಿಗೆ 700 ಘನ ಅಡಿ. ಹಸಿ ಮಣ್ಣ ಐದರಾಗ ಒಂದ ಭಾಗ ಕುಂದರತೈತಿ, ಅದಕ್ಕ ಎರಡೂವರಿ ಅಡಿ ಎತ್ತರಕ್ಕ ಏರಸ್ರಿ. ಅರ್ಧ ಅಡಿಗೊಮ್ಮೆ ದಿಮ್ಮಸಲೇಬೇಕು. ಮಣ್ಣ ಬದುವಿನ ಬುಡದಾಗ ತಗೀಬ್ಯಾಡ್ರಿ, ಬುಡದಿಂದ ಒಂದ ಅಡಿ ಅರ ಬಿಟ್ಟ ತಗೀರಿ, ಮತ್ತ ಇಬ್ಬರ ಹೊಲದಾಗೂ ಸಮ ತಗೀರಿ. ಒಬ್ಬನ ಹೊಲದಾಗ ತಗದ್ರ ಮುಂದ ಅದ ಹೊಸ ಜಗಳ.

ಎರಿ ಮಣ್ಣಾಗ ಈ ಅಳತಿ ನಡಿಯೂದಿಲ್ಲ. ಬ್ಯಾಸಗ್ಯಾಗ ಬಿರಕ ಬಿಟ್ಟು, ಮೊದಲನೇ ದೊಡ್ಡ ಮಳಿಗೆ ಆ ಬಿರಕಿನಾಗ ನೀರ ಹೊಕ್ಕು ಬದು ಒಡಿತೈತಿ. ಇಳಿಜಾರ ಒಂದಕ್ಕ ಒಂದೂವರಿ ಇಡ್ರಿ, ಬುಡ ಏಳೂವರಿ ಅಡಿ ಬರತೈತಿ. ಇಷ್ಟ ಜಾಗಾ ಬಿಡಾಕ ಮನಸ ಬರೂದಿಲ್ಲ ಅಂತ ಗೊತ್ತೈತಿ. ಬಿಡದಿದ್ರ ಮಳಿ ಬಿಡಸತೈತಿ.

ಗದ್ದೆಬಯಲು
ಬದು ಗಟ್ಟಿ ಮಾಡಿದ ಮೇಲೆ ನೀರಿನ ದಾರಿ ಮರೆಯಬೇಡಿ. ಮೇಲಿನ ಹೊಲದ ಮಳೆನೀರು ತಾನಾಗಿ ಇಳಿದು ಬಂದರೆ ಕೆಳಗಿನವರು ತಡೆಯುವ ಹಾಗಿಲ್ಲ. ಹಾಗಂತ ಮೇಲಿನವರು ಹೊಲದ ನೀರನ್ನೆಲ್ಲ ಒಂದು ಕಾಲುವೆಗೆ ಕೂಡಿಸಿ, ಹೊಸ ಜಾಗದಲ್ಲಿ ಪಕ್ಕದವರ ನೆತ್ತಿ ಮೇಲೆ ಬಿಡುವ ಹಾಗೂ ಇಲ್ಲ. ಜಮೀನು ಸಮತಟ್ಟು ಮಾಡಿಸಿದವರು ಮಾಡುವ ತಪ್ಪೇ ಇದು. ಮೊದಲು ಹತ್ತು ಕಡೆ ಸಣ್ಣದಾಗಿ ಇಳಿಯುತ್ತಿದ್ದ ನೀರು ಆಮೇಲೆ ಒಂದೇ ಮೂಲೆಗೆ ನುಗ್ಗುತ್ತೆ.

ಕೋಡಿ (ಹೆಚ್ಚಾದ ನೀರು ಬದು ದಾಟಿ ಹೋಗುವ ಬಾಯಿ) ಕಟ್ಟುವ ಕ್ರಮ: ಜೋರು ಮಳೆ ಬಂದಾಗ ನೀರು ಸಹಜವಾಗಿ ಎಲ್ಲಿ ಸೇರುತ್ತೆ ಅಂತ ಇಬ್ಬರೂ ನೋಡಿ ಅಲ್ಲೇ ಜಾಗ ಗುರುತಿಸಿ. 2 ಅಡಿ ಬದುವಾದರೆ ಕೋಡಿಯ ತಳ ಬದುವಿನ ತಲೆಯಿಂದ 1 ಅಡಿ ಕೆಳಗೆ ಬರಲಿ. ಅಗಲ 3 ಅಡಿಗೆ ಕಡಿಮೆ ಬೇಡ. ತಳಕ್ಕೂ ಎರಡು ಕೆನ್ನೆಗೂ ಕಾಡುಕಲ್ಲು ಹೊದಿಸಿ. ಎಲ್ಲರೂ ಬಿಡುವುದು ಕೆಳಗಿನ ಹೊದಿಕೆ: ನೀರು ಬಿದ್ದ ಕಡೆ 4ರಿಂದ 5 ಅಡಿ ಉದ್ದ ಕಲ್ಲು ಹಾಸದಿದ್ದರೆ ಅಲ್ಲಿ ಗುಂಡಿ ಬಿದ್ದು, ಗುಂಡಿ ಹಿಂದಕ್ಕೆ ಕೊರೆಯುತ್ತಾ ಬಂದು ಕೋಡಿಯನ್ನೇ ಬೀಳಿಸುತ್ತೆ. ಆ ಹಾಸು ಬರುವುದು ಕೆಳಗಿನವರ ಜಾಗದಲ್ಲಿ, ಆದ್ದರಿಂದ ಅವರ ಒಪ್ಪಿಗೆ ಮೊದಲೇ ಬೇಕು. ಕೋಡಿ ಬದಲು 6 ಇಂಚಿನ ಪೈಪ್ ಹೂತರೆ ಮೊದಲ ಮಳೆಗೇ ಹುಲ್ಲು, ಕೂಳೆ ಸಿಕ್ಕಿಕೊಂಡು ಕಟ್ಟುತ್ತೆ.

ಗದ್ದೆ ಬದುವಾದರೆ ಏಡಿ ಬಿಲ, ಇಲಿ ಬಿಲ ನೋಡಿಕೊಳ್ಳಿ. ನಾಟಿಗೆ ಮುಂಚೆ ಬದುವಿನ ಕೆನ್ನೆ ಕೆರೆದು ಕೆಸರು ಮೆತ್ತಬೇಕು. ಎರಡು ಕಡೆಯಿಂದಲೂ ಕೆರೆದರೆ ಬದು ಸಣ್ಣಗಾಗುತ್ತೆ. ಕೆರೆದದ್ದಕ್ಕಿಂತ ಮೆತ್ತಿದ್ದು ಹೆಚ್ಚಿರಲಿ.

ಕಾದಿಗೆ
ಅಡಿಕೆ ಸೀಮೆಯಲ್ಲಿ ಬದುವಿನ ಜಾಗದಲ್ಲಿ ಕಾದಿಗೆ, ಅಂದರೆ ಬಸಿಗಾಲುವೆ, ಬರುತ್ತದೆ. ಮೇಲಿನ ತೋಟದ ಬಸಿ ನೀರು ಕೆಳಗಿನ ತೋಟದ ಕಾದಿಗೆಯಲ್ಲೇ ಹಾದುಹೋಗಬೇಕು. ಕೆಳಗಿನವರು ಹೂಳು ತೆಗೆಯದಿದ್ದರೆ ನೀರು ನಿಲ್ಲುವುದು ಮೇಲಿನವರ ಬೇರಿನಲ್ಲಿ. ಹಿಡಿಮುಂಡಿಗೆ (ತುದಿ, ಗರಿ ಗಿಡ್ಡವಾಗುವ ತೊಂದರೆ) ಬಂದ ಮರಕ್ಕೆ ಗೊಬ್ಬರ ಸುರಿಯುವ ಮೊದಲು ಕಾದಿಗೆಯ ಆಳ ನೋಡಿ. ಎರಡೂವರೆಯಿಂದ 3 ಅಡಿ ಬೇಕು, ಮತ್ತು ಅದು ಕೆಳಗಿನ ತೋಟದ ಕಾದಿಗೆಯ ತಳಕ್ಕಿಂತ ಕೆಳಗಿರಬಾರದು. ನಾವು ಒಂದು ಅಡಿ ಹೆಚ್ಚು ತೋಡಿ ಅವರದ್ದು ಹಾಗೇ ಇದ್ದರೆ ನಮ್ಮದು ಕಾಲುವೆಯಲ್ಲ, ಹೊಂಡ. ಹಾಗಾಗಿ ಹೂಳು ತೆಗೆಯುವುದನ್ನು ಮಳೆಗಾಲಕ್ಕೆ ಮುಂಚೆ ಹಳ್ಳದ ಕಡೆಯಿಂದ ಶುರು ಮಾಡಿ ಮೇಲಕ್ಕೆ ಬರಬೇಕು, ಒಂದೇ ವಾರದಲ್ಲಿ, ಎಲ್ಲರೂ.

ಕೊಳೆ (ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ) ಔಷಧಿಯದೂ ಇದೇ ಕಥೆ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು 40ರಿಂದ 45 ದಿನಕ್ಕೆ. ಪಕ್ಕದ ತೋಟದವರು ಹೊಡೆಸದೆ, ಉದುರಿದ ಕೊಳೆ ಕಾಯನ್ನು ಹಾಗೇ ಬಿಟ್ಟರೆ ಗಾಳಿ ಮಳೆಯ ಜೊತೆ ರೋಗ ನಮ್ಮ ಅಂಚಿನ ಸಾಲುಗಳಿಗೆ ಮೊದಲು ಬರುತ್ತದೆ. ಕೊನೆಗೌಡರನ್ನು (ಮರ ಹತ್ತಿ ಔಷಧಿ ಹೊಡೆಯುವವರು, ಕೊನೆ ಇಳಿಸುವವರು) ಎರಡೂ ತೋಟಕ್ಕೆ ಸೇರಿಸಿ ಕರೆಸಿ. ಜನ ಸಿಗದ ಕಾಲದಲ್ಲಿ ಅವರಿಗೂ ಒಳ್ಳೆಯದು.

ಹಿಪ್ಪುನೇರಳೆ
ಔಷಧಿ ವಿಷಯ ಬಂತಲ್ಲ, ರೇಷ್ಮೆಯವರ ಪಕ್ಕದಲ್ಲಿ ಟೊಮೊಟೊ ಇಟ್ಟವರು ದಯವಿಟ್ಟು ಓದಿ.

ಹುಳುವಿನ ಆಯಸ್ಸು ಚಾಕಿಯಿಂದ (ಮರಿಹುಳು) ಚಂದ್ರಿಕೆಗೆ (ಗೂಡು ಕಟ್ಟಿಸುವ ತಟ್ಟೆ) ಬರೋವರೆಗೆ 25 ದಿನದ ಆಸುಪಾಸು. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲಿನ 7, 8 ದಿನದಲ್ಲೇ ಒಟ್ಟು ಸೊಪ್ಪಿನ 80 ಭಾಗಕ್ಕೂ ಹೆಚ್ಚು ತಿನ್ನೋದು. ಆ ವಾರ ತೋಟದ ಅಂಚಿಗೆ ಔಷಧಿ ಗಾಳಿ ತಾಗಿದರೆ ಇಡೀ ಬೆಳೆ ಹೋಯಿತು. ಹುಳು ತಲೆ ಎತ್ತಿ ಆಡಿಸುತ್ತೆ, ಹಸಿರು ರಸ ಕಕ್ಕುತ್ತೆ, ಕುಗ್ಗುತ್ತೆ. ಸಾಯದೆ ಉಳಿದದ್ದೂ ಗೂಡು ಸರಿಯಾಗಿ ಕಟ್ಟಲ್ಲ. ಟೊಮೊಟೊ, ಎಲೆಕೋಸಿನ ಹುಳಕ್ಕೆ ಹೊಡೆಯೋ ಕ್ಲೋರಾಂಟ್ರಾನಿಲಿಪ್ರೋಲ್ ರೇಷ್ಮೆ ಹುಳಕ್ಕೆ ತೀರಾ ಕೆಟ್ಟದ್ದು, ಸೊಪ್ಪಿನ ಮೇಲೆ ಬಹಳ ದಿನ ಉಳಿಯುತ್ತೆ. "ಹೊಡೆದು ವಾರ ಆಯ್ತಲ್ಲ" ಅನ್ನೋ ಲೆಕ್ಕ ಇದಕ್ಕೆ ನಡೆಯಲ್ಲ.

ಪಕ್ಕದವರು ಮಾಡಬೇಕಾದ್ದು ಇಷ್ಟೆ: ಹೊಡೆಯುವ ಹಿಂದಿನ ದಿನ ಫೋನ್ ಮಾಡಿ, ಔಷಧಿ ಹೆಸರು ಹೇಳಿ. ಗಾಳಿ ಅವರ ತೋಟದ ಕಡೆಯಿಂದ ನಿಮ್ಮ ಕಡೆ ಬೀಸುವಾಗ ಹೊಡೆಯಿರಿ. ಒಂದು ಹಿಡಿ ಒಣ ಮಣ್ಣು ತೂರಿದರೆ ದಿಕ್ಕು ಗೊತ್ತಾಗುತ್ತೆ. ಅಂಚಿನ ಸಾಲುಗಳಿಗೆ ಪವರ್ ಸ್ಪ್ರೇಯರ್ ಬೇಡ, ಕೈಪಂಪಿನಲ್ಲಿ ನಳಿಕೆ ತಗ್ಗಿಸಿ ಹೊಡೆಯಿರಿ.

ರೇಷ್ಮೆಯವರು ಮಾಡಬೇಕಾದ್ದು: ಸುದ್ದಿ ಬಂದ ಸಂಜೆಯೇ ಮರುದಿನಕ್ಕೆ ಬೇಕಾದ ಸೊಪ್ಪು ಕೊಯ್ದು ಒದ್ದೆ ಗೋಣಿಯಲ್ಲಿ ಮುಚ್ಚಿಡಿ. ಅಂಚಿನ ಸಾಲು ಬಿಟ್ಟು ನಡುವಿನದನ್ನು ಕೊಯ್ಯಿರಿ. ಅನುಮಾನ ಇದ್ದರೆ ಆ ಸೊಪ್ಪನ್ನು ಇಪ್ಪತ್ತು ಹುಳುವಿಗೆ ಬೇರೆ ತಟ್ಟೆಯಲ್ಲಿ ಹಾಕಿ ಒಂದು ದಿನ ನೋಡಿ. ಚಾಕಿ ತಂದ ದಿನವೇ ಸುತ್ತಲಿನ ಹೊಲದವರಿಗೆಲ್ಲ "ಇಂಥ ತಾರೀಕಿಗೆ ನಾಲ್ಕನೇ ಜ್ವರ" ಅಂತ ಹೇಳಿಬಿಡಿ. ಹೇಳದೆ ಆಮೇಲೆ ಕೂಗಾಡಿದರೆ ಅವರಿಗೇನು ಗೊತ್ತು?

ಎರಿಹೊಲ
ಇದಕ್ಕ ಒಂದ ಮಾತ ಸೇರಸ್ತೀನ್ರಿ. ಜ್ವಾಳ, ಕಬ್ಬಿಗೆ ಹೊಡಿಯೂ 2,4-ಡಿ ಅನ್ನೂ ಕಸ ಕೊಲ್ಲೂ ಎಣ್ಣಿ ಹತ್ತಿಗೆ, ದ್ರಾಕ್ಷಿಗೆ ಆಗೂದಿಲ್ಲ. ಗಾಳಿಗೆ ಹೋಗಿ ಬಿದ್ರ ಹತ್ತಿ ಎಲಿ ಬೆಂಡಿ ಎಲಿ ಹಂಗ ಸೀಳತೈತಿ. ಮಧ್ಯಾಹ್ನದ ಬಿಸಲಾಗ ಹೊಡಿಬ್ಯಾಡ್ರಿ. ನಳಿಕಿಗೆ ಹುಡ್ (ಮುಚ್ಚಳ) ಹಾಕ್ರಿ. ಆ ಪಂಪ ಪಕ್ಕದ ಹೊಲದವ್ರಿಗೆ ಕಡಾ ಕೊಡಬ್ಯಾಡ್ರಿ, ಎಷ್ಟ ತೊಳದ್ರೂ ವಾಸನಿ ಉಳದಿರ್ತೈತಿ. "ಪಂಪ ಕೇಳಿದ್ರ ಕೊಡಲಿಲ್ಲ" ಅಂತ ಅನಸ್ಕೊಂಡ್ರೂ ಚಿಂತಿಲ್ಲ.

ಕೆಂಪುನೆಲ
ಮರದ ವಿಷಯ ಯಾರೂ ಮುಟ್ಟಲಿಲ್ಲ.

ಮುಡಿವಾಳ
ನೆಡುವಾಗ ಒಂದೇ ಲೆಕ್ಕ ಇಟ್ಟುಕೊಳ್ಳಿ: ಸಾಲಿನಿಂದ ಸಾಲಿಗೆ ಎಷ್ಟು ಬಿಡುತ್ತೀರೋ ಅದರ ಅರ್ಧ ಬದುವಿನಿಂದ ಬಿಡಿ. ತೆಂಗು 25 ಅಡಿಯಾದರೆ ಬದುವಿನಿಂದ ಹನ್ನೆರಡೂವರೆ, ಅಡಿಕೆ 9 ಆದರೆ ನಾಲ್ಕೂವರೆ, ಮಾವು 30 ಆದರೆ 15. ತೆಂಗನ್ನು ಬದುವಿನ ಮೇಲೇ ಇಟ್ಟರೆ ಗರಿ, ಕಾಯಿ ಪಕ್ಕದವರ ಹೊಲದಲ್ಲಿ ಬೀಳುತ್ತೆ. ಕಾಯಿ ಯಾರದು ಅನ್ನೋ ಮಾತು ಅಲ್ಲಿಂದ ಶುರು.

ನೆರಳಿಗೆ ದಿಕ್ಕು ನೋಡಿ. ನಮ್ಮಲ್ಲಿ ಹಿಂಗಾರಿನ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹಾಗಾಗಿ ಪೂರ್ವ ಪಶ್ಚಿಮವಾಗಿ ಹೋಗುವ ಬದುವಿನ ಮೇಲಿನ ಮರದ ನೆರಳು ಪೂರ್ತಿ ಉತ್ತರದ ಹೊಲದವರಿಗೆ. ದಕ್ಷಿಣೋತ್ತರ ಬದುವಾದರೆ ಬೆಳಿಗ್ಗೆ ಪಶ್ಚಿಮದವರಿಗೆ, ಸಂಜೆ ಪೂರ್ವದವರಿಗೆ. ಸಿಲ್ವರ್ ಓಕ್ ಆಗಲೇ ಇದ್ದರೆ ವರ್ಷಕ್ಕೊಮ್ಮೆ ಕೆಳಗಿನ ಕೊಂಬೆ ಸವರಿ.

ಬೇರಿಗೆ ಔಷಧಿ ಇಲ್ಲ, ಅಗಳವೇ. ಮರದ ಸಾಲಿಗೂ ಬೆಳೆಗೂ ನಡುವೆ ಒಂದೂವರೆ ಅಡಿ ಅಗಲ, 3 ಅಡಿ ಆಳ ತೋಡಿ ಬೇರು ಕಡಿಯಿರಿ. ಮುಚ್ಚಿದರೆ ಮತ್ತೆ ಬೇರು ದಾಟುತ್ತೆ, ವರ್ಷಕ್ಕೊಮ್ಮೆ ನೋಡಬೇಕು. ತೋಡುವುದು ಮರದವರ ಕಡೆ, ಖರ್ಚೂ ಮರದವರದು. ನೀಲಗಿರಿ ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲೇ ನಿಷೇಧಿಸಿದೆ, ಅದರ ಚರ್ಚೆ ಬೇಡ.

ಗದ್ದೆಬಯಲು
ದಾರಿ? ಹಿಂದಿನ ಹೊಲದವರ ಟ್ರ್ಯಾಕ್ಟರ್ ನಮ್ಮ ಅಂಚಿನಲ್ಲೇ ಹೋಗಬೇಕಾದ ಕಡೆ?

ಸರಪಳಿ33
ಗ್ರಾಮ ನಕಾಶೆಯಲ್ಲಿ ಚುಕ್ಕೆ ಗೆರೆ ಇದ್ದರೆ ಅದು ದಾರಿ, ಮುಚ್ಚುವ ಹಾಗಿಲ್ಲ, ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ನಕಾಶೆಯಲ್ಲಿ ಇಲ್ಲದೆ ರೂಢಿಯಲ್ಲಿ ಮಾತ್ರ ಇದ್ದರೆ 20 ವರ್ಷ ಎಡೆಬಿಡದೆ ಹಕ್ಕಿನಿಂದ ಓಡಾಡಿದ್ದನ್ನು ಸಿವಿಲ್ ಕೋರ್ಟಿನಲ್ಲಿ ತೋರಿಸಬೇಕು. ಅದಕ್ಕಿಂತ ಇಬ್ಬರೂ ಬದುವಿನ ಎರಡು ಕಡೆ ನಾಲ್ಕು ನಾಲ್ಕು ಅಡಿ ಬಿಡುವುದು ಅಗ್ಗ. ಟ್ರೇಲರ್ ದಾಟಲು 8 ಅಡಿ ಸಾಕು, ತಿರುವಿನಲ್ಲಿ ಹೆಚ್ಚು ಬೇಕು.

ಕಾಗದ ಮಾಡುವಾಗ ಒಂದು ಎಚ್ಚರ. "ಬದು ಇಲ್ಲಿದೆ ಅಂತ ಇಬ್ಬರೂ ಒಪ್ಪಿದ್ದೇವೆ" ಅಂತ ಬರೆಯೋದು ಬೇರೆ, "ಈ ಪಟ್ಟಿಯನ್ನು ನಿನಗೆ ಬಿಟ್ಟಿದ್ದೇನೆ" ಅಂತ ಬರೆಯೋದು ಬೇರೆ. ಎರಡನೆಯದು ಹಸ್ತಾಂತರ, ನೋಂದಣಿ ಆಗದೆ ನಿಲ್ಲಲ್ಲ. ದಾರಿಗಾದರೆ "ಓಡಾಡಲು ಅನುಮತಿ" ಅಂತ ಮಾತ್ರವೋ, ಶಾಶ್ವತ ಹಕ್ಕೋ ಅನ್ನೋದನ್ನು ಬಿಡಿಸಿ ಬರೆಯಿರಿ. ಮನೆಯ ಗಂಡುಮಕ್ಕಳು, ಹೆಣ್ಣುಮಕ್ಕಳು, ಪಹಣಿಯಲ್ಲಿ ಹೆಸರಿರುವ ಎಲ್ಲರ ಸಹಿ ಬೇಕು. ಅಪ್ಪ ಒಪ್ಪಿದ್ದನ್ನು ಮಕ್ಕಳು ಒಪ್ಪದೆ ಹಾಳಾದ ಒಪ್ಪಂದಗಳೇ ಹೆಚ್ಚು.

ಕೆಂಪುನೆಲ
ಕೊನೆಯದಾಗಿ, ಕಟ್ಟಿದ ಬದು ಮತ್ತೆ ಸವೆಯದ ಹಾಗೆ ಮೇಲೆ ಏನು ಹಾಕೋದು? ಕತ್ತಾಳೆ ಹಾಕಿದರೆ ಎರಡೂ ಕಡೆ ಹಬ್ಬುತ್ತೆ.

ಮುಡಿವಾಳ
ಲಾವಂಚ. ಗುಂಡ್ಲುಪೇಟೆ ಕಡೆ ಬದುವಿಗೆ ಇದನ್ನು ಹಾಕೋದು ಹಳೆ ರೂಢಿ. ಬೇರು ನೇರ ಕೆಳಕ್ಕೆ ಇಳಿಯುತ್ತೆ, ಪಕ್ಕಕ್ಕೆ ಹಬ್ಬಲ್ಲ, ಬೀಜ ಬಿದ್ದು ಹೊಲದಲ್ಲಿ ಹುಟ್ಟಲ್ಲ. ಹಾಗಾಗಿ ಗೆರೆ ಗೆರೆಯಾಗೇ ಇರುತ್ತೆ, ನೇಗಿಲು ತಾಗಿದರೂ ಬುಡ ಅಲ್ಲಾಡಲ್ಲ.

ಬುಡ ಒಡೆದು ಎರಡು, ಮೂರು ಮೊಳಕೆಯ ಕಡ್ಡಿ ಮಾಡಿ. ಮೇಲೆ ಒಂದು ಗೇಣಿಗೆ, ಬೇರು ನಾಲ್ಕು ಇಂಚಿಗೆ ಕತ್ತರಿಸಿ. ಮುಂಗಾರು ಹಿಡಿದ ಮೇಲೆ, ನೆಲ ಚೆನ್ನಾಗಿ ನೆಂದಾಗ, ಬದುವಿನ ತಲೆಯ ನಡುಗೆರೆಯಲ್ಲಿ ಹಗ್ಗ ಹಿಡಿದು ಆರು ಇಂಚಿಗೊಂದು ನೆಡಿ. ನಿಮ್ಮ 330 ಅಡಿಗೆ 660 ಕಡ್ಡಿ ಬೇಕು, ಸತ್ತ ಜಾಗ ತುಂಬೋಕೆ ನೂರು ಹೆಚ್ಚಿರಲಿ. ಒಂದು ಅಡಿಗೊಂದು ನೆಟ್ಟು ಉಳಿಸಲು ಹೋದರೆ ಸಂದಿಯಲ್ಲಿ ನೀರು ನುಗ್ಗಿ ಅಲ್ಲೇ ಬದು ಒಡೆಯುತ್ತೆ. ಮೊದಲ ವರ್ಷ ದನ ಬಿಡಬೇಡಿ. ಬೇಲಿಯಂತೆ ಕೂಡಿಕೊಳ್ಳೋಕೆ ಎರಡು, ಮೂರು ವರ್ಷ ಬೇಕು.

ವರ್ಷಕ್ಕೊಮ್ಮೆ ಒಂದು ಅಡಿ ಎತ್ತರಕ್ಕೆ ಸವರಿ, ಸವರಿದ ಹುಲ್ಲು ಒಂದು ವರ್ಷ ಅವರಿಗೆ, ಒಂದು ವರ್ಷ ನಿಮಗೆ. ಬೇರಿಗೆ ಬೆಲೆ ಇದೆ ಅಂತ ಯಾರಾದರೂ ಕೊಳ್ಳೋಕೆ ಬರಬಹುದು. ಬದುವಿನದನ್ನು ಅಗೆಯೋಕೆ ಬಿಡಬೇಡಿ, ಬೇರು ಕಿತ್ತರೆ ಬದುವೂ ಕಿತ್ತ ಹಾಗೆ. ಮಾರೋ ಆಸೆ ಇದ್ದರೆ ಹೊಲದೊಳಗೆ ಬೇರೆ ಮಡಿ ಮಾಡಿ.

ಕೆಂಪುನೆಲ
ಕಡ್ಡಿ ಈಗಲೇ ಹೇಳಿಡಬೇಕಾ, ಮಳೆ ಬಿದ್ದ ಮೇಲಾ?

ಮುಡಿವಾಳ
ಈಗಲೇ ಹೇಳಿಡಿ, ಮಳೆ ಬಿದ್ದ ಮೇಲೆ ತನ್ನಿ. ಕಿತ್ತ ಕಡ್ಡಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಡಿ, ಮೂರು ದಿನದೊಳಗೆ ನೆಟ್ಟು ಮುಗಿಸಿ.